ಮೂರು ಸಲ ಕೇಳಿದ ಪ್ರಶ್ನೆ

ಆ ಪ್ರಶ್ನೆಪತ್ರಿಕೆಯಲ್ಲಿ ಗ್ರಾಫ್ ಎಳೆಯಬೇಕಾದ ಪ್ರಶ್ನೆಯೇ ಇರಲಿಲ್ಲ. ಪತ್ರಿಕೆ ಸಿದ್ಧಪಡಿಸಿದವಳು ನಾನೇ ಆದ್ದರಿಂದ ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ಕೊನೆಯ ಸಾಲಿನ ಹುಡುಗನೊಬ್ಬ ಕೈಯೆತ್ತಿದ. ಹತ್ತಿರ ಹೋದೆ.

"ಮ್ವಾಲಿಮು, ಗ್ರಾಫ್ ಪೇಪರ್ ಬೇಕೇ ಬೇಕಾ?"

ಬೇಕಿಲ್ಲ ಎಂದೆ. ಅವನು ತಲೆಯಾಡಿಸಿ ಬರೆಯಲು ಬಗ್ಗಿದ. ಮ್ವಾಲಿಮು ಎಂದರೆ ಸ್ವಾಹಿಲಿಯಲ್ಲಿ ಮೇಷ್ಟ್ರು. ಉಳಿದ ವಿದ್ಯಾರ್ಥಿಗಳು ನನ್ನನ್ನು ಮೇಡಂ ಎನ್ನುತ್ತಿದ್ದರು, ಅವನೊಬ್ಬ ಮ್ವಾಲಿಮು ಎನ್ನುತ್ತಿದ್ದ. ಅಲ್ಲಿಯವರ ಜೊತೆ ನನ್ನ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ ಸೇರಿಸಿಕೊಂಡು. ಕನ್ನಡಕ್ಕೆ ತರುವಾಗ ಅವರು ಆಡಿದ್ದಕ್ಕಿಂತ ಹೆಚ್ಚು ಏನೂ ಸೇರದಂತೆ ನೋಡಿಕೊಂಡಿದ್ದೇನೆ.

ಅದು ಎರಡು ಸಾವಿರದ ಹತ್ತರ ದಶಕದ ನಡುಭಾಗ. ನೈರೋಬಿಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ನನ್ನ ಗಂಡ ಡಾಕ್ಟರು. ಮೈಸೂರಿನಿಂದ ಬಂದು ಅಲ್ಲಿನ ಕಿಲಿಮಾನಿ ಬಡಾವಣೆಯಲ್ಲಿ ನೆಲೆಸಿ ನಮಗೆ ಬಹಳ ವರ್ಷಗಳಾಗಿದ್ದವು.

ನಮ್ಮಲ್ಲಿ ಫುಟ್‌ಬಾಲ್ ಆಡುವ ಹುಡುಗರು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದರು. ಬೂಟಿನ ಚೀಲ ಕಾಲಡಿಯಲ್ಲಿ ಇರುತ್ತಿತ್ತು. ಸಂಜೆಯ ಅಭ್ಯಾಸಕ್ಕೆ ಲ್ಯಾವಿಂಗ್ಟನ್ನಿನ ಒಂದು ಶಾಲೆಯ ಮೈದಾನಕ್ಕೆ ಹೋಗಬೇಕಿತ್ತು, ಮಟಾಟು ಎಂಬ ಬಾಡಿಗೆ ವ್ಯಾನು ಸಿಗದಿದ್ದರೆ ತಡ. ಆದ್ದರಿಂದ ಪಾಠ ಮುಗಿಯುವ ಮೊದಲೇ ಒಬ್ಬೊಬ್ಬರಾಗಿ ಜಾರಿಕೊಳ್ಳುವುದು ವಾಡಿಕೆ. ಅಧ್ಯಾಪಕರು ಬೋರ್ಡಿನ ಕಡೆ ತಿರುಗುವವರೆಗೆ ಅವರು ಕಾಯುತ್ತಿದ್ದರು, ಅದನ್ನು ತಿಳಿದ ನಾವು ತಿರುಗುತ್ತಿದ್ದೆವು. ಎರಡೂ ಕಡೆಯವರಿಗೆ ಅದು ಮರ್ಯಾದೆಯಾಗಿತ್ತು.

ಅವರಿಗೆ ಶುಲ್ಕವಿರಲಿಲ್ಲ. ಅದಕ್ಕೆ ಎರಡು ಷರತ್ತು. ಪ್ರತಿಯೊಂದು ವಿಷಯವನ್ನೂ ಮೊದಲ ಯತ್ನದಲ್ಲೇ ಪಾಸು ಮಾಡಬೇಕು. ಪಂದ್ಯಗಳ ಇಡೀ ಋತುವಿನಲ್ಲಿ ತಂಡಕ್ಕೆ ಸಿಗುವಂತಿರಬೇಕು. ಮೊದಲನೆಯದನ್ನು ನೋಡುವ ಕಚೇರಿ ಮೇಲಿನ ಮಹಡಿಯಲ್ಲಿ, ಎರಡನೆಯದನ್ನು ನೋಡುವ ಕಚೇರಿ ಜಿಮ್‌ನ ಹಿಂದೆ. ಒಂದು ಕಚೇರಿಯವರು ಇನ್ನೊಂದಕ್ಕೆ ಹೋದದ್ದನ್ನು ನಾನು ನೋಡಿಲ್ಲ.

ಈ ಹುಡುಗ ಮೂರನೆಯ ವರ್ಷದವನು, ರಕ್ಷಣೆಯ ನಡುವೆ ನಿಲ್ಲುವವನು. ಎತ್ತರದ ಚೆಂಡೆಲ್ಲ ತನ್ನ ತಲೆಯದು ಎಂದು ನಂಬಿದ್ದ. ಲೆಕ್ಕದಲ್ಲಿ ಚುರುಕು. ಪಾಠ ತಪ್ಪಿದ ಮಾರನೆಯ ಬೆಳಿಗ್ಗೆ ನನ್ನ ಕೋಣೆಗೆ ಬಂದು, ತಪ್ಪಿಸಿಕೊಂಡದ್ದನ್ನು ಹೇಳಿಸಿಕೊಂಡೇ ಹೋಗುತ್ತಿದ್ದ. ಒಮ್ಮೆ ವಿಚಲನೆ, ಅಂದರೆ ಸರಾಸರಿಯಿಂದ ಆಚೀಚೆ ಎಷ್ಟು ಸರಿಯುತ್ತದೆ ಎಂಬ ಪಾಠ ಹೇಳುತ್ತಿದ್ದಾಗ ಗಂಭೀರವಾಗಿ, "ಮ್ವಾಲಿಮು, ನಮ್ಮ ಗೋಲ್‌ಕೀಪರನ ಸ್ಟ್ಯಾಂಡರ್ಡ್ ಡೀವಿಯೇಶನ್ ಬಹಳ ಜಾಸ್ತಿ. ಸರಾಸರಿ ನೋಡಿದರೆ ಗೋಲಿನಲ್ಲೇ ಇರುತ್ತಾನೆ," ಎಂದಿದ್ದ. ನನ್ನ ಜೊತೆ ಕೆಲಸ ಮಾಡುವವರು ಕೊನೆಯ ಸಾಲಿನವರನ್ನು ಕಾಲುಗಳು ಎಂದು ಕರೆಯುತ್ತಿದ್ದರು. 'ಈ ಸಲ ಎಷ್ಟು ಕಾಲು ಫೇಲು?' ಎಂದು ಚಹಾದ ಹೊತ್ತಿಗೆ ಕೇಳುವುದಿತ್ತು. ಅವನ ಪತ್ರಿಕೆಗಳನ್ನು ತಿದ್ದಿದ ಮೇಲೆ ನಾನು ಆ ಮಾತಿಗೆ ನಗುತ್ತಿರಲಿಲ್ಲ.

ಪರೀಕ್ಷೆ ಸೋಮವಾರ. ಅದರ ಹಿಂದಿನ ಶನಿವಾರ ಸೆಮಿಫೈನಲ್ ಆಗಿತ್ತು. ನಾನು ಹೋಗಿರಲಿಲ್ಲ. ಗೆದ್ದರು ಎಂದಷ್ಟೇ ಗೊತ್ತಿತ್ತು.

ಮೊದಲ ಸಲ ಉತ್ತರ ಹೇಳಿ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅವನು ಮತ್ತೆ ಕೈಯೆತ್ತಿದ. ಹೋದೆ. "ಮ್ವಾಲಿಮು, ಗ್ರಾಫ್ ಪೇಪರ್ ಬೇಕೇ ಬೇಕಾ?" ಅದೇ ಮಾತು, ಅದೇ ವಿನಯ. ಆಗಲೇ ಹೇಳಿದೆನಲ್ಲ ಎಂದೆ. "ಪೋಲೆ, ಮ್ವಾಲಿಮು," ಎಂದು ಕ್ಷಮೆ ಕೇಳಿದ. ನಾನು ವೇದಿಕೆಯವರೆಗೆ ಹೋಗಿ ತಿರುಗುವಷ್ಟರಲ್ಲಿ ಅವನು ಎದ್ದು ನನ್ನ ಕಡೆಗೇ ಬರುತ್ತಿದ್ದ. ಎಲ್ಲರಿಗೂ ಕೇಳುವಂತೆ, "ಮ್ವಾಲಿಮು, ಗ್ರಾಫ್ ಪೇಪರ್ ಬೇಕೇ ಬೇಕಾ?" ಎಂದ.

ಹಾಲ್ ನಕ್ಕಿತು. ಯಾರೋ, "ಡಿಫೆಂಡರ್, ಚೆಂಡು ಆಗಲೇ ಹೋಯ್ತಪ್ಪಾ!" ಎಂದು ಕೂಗಿದರು. ಅವನೂ ನಕ್ಕ, ಆದರೆ ಯಾತಕ್ಕೆ ನಗುತ್ತಿದ್ದಾರೆ ಎಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ಹಿಂತಿರುಗಿ ಹೋಗುವಾಗ ತನ್ನ ಮೇಜನ್ನು ದಾಟಿ ಮುಂದೆ ಹೋದ, ಗೋಡೆಯ ಬಳಿ ನಿಂತ, ಸಾಲುಗಳನ್ನು ನೋಡಿದ. ನಾನೇ ತೋಳು ಹಿಡಿದು ಕೂರಿಸಿದೆ. ಹುಷಾರಿದ್ದೀಯಾ ಎಂದೆ. "ಸವಾ, ಸವಾ," ಎಂದ, ಎಲ್ಲ ಸರಿಯಿದೆ ಎಂದು. ಕ್ಲಿನಿಕ್ಕಿಗೆ ಕಳಿಸುತ್ತೇನೆ ಎಂದಾಗ ಮೇಜಿನ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡ. ಗಂಟೆ ಹೊಡೆದಾಗ ಅವನ ಉತ್ತರಪತ್ರಿಕೆಯಲ್ಲಿ ಬಹುಪಾಲು ಖಾಲಿಯಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ನಗೆಯ ಸಂಗತಿಯಂತೆಯೇ ಗಂಡನಿಗೆ ಹೇಳಲು ಶುರುಮಾಡಿದೆ. ಅವರು ಸಾರಿನ ಸೌಟನ್ನು ಪಾತ್ರೆಗೆ ಇಳಿಬಿಟ್ಟರು.

"ಮೂರು ಸಲಾನೂ ಅದೇ ಕ್ವೆಶ್ಚನ್ನಾ? ವರ್ಡ್ ಟು ವರ್ಡ್?"

"ಹೌದು."

"ಸೀಟ್ ಗೊತ್ತಾಗಲಿಲ್ಲ ಅಂದ್ಯಲ್ಲ. ತಲೆಗೆ ಏನಾದ್ರೂ ಬಿದ್ದಿತ್ತೇನೇ ಅವನಿಗೆ?"

"ಶನಿವಾರ ಮ್ಯಾಚ್ ಆಡಿದ್ದ."

"ಹಾಗಾದ್ರೆ ಮುಗೀತು. ಅವನನ್ನ ಗ್ರೌಂಡ್ ಹತ್ರ ಬಿಡಬೇಡ ಅನ್ನು. ಒಂದು ಪೆಟ್ಟು ವಾಸಿ ಆಗೋದ್ರೊಳಗೆ ಇನ್ನೊಂದು ಬಿದ್ರೆ, ಕೆಲವರು ಮೇಲೇಳಲ್ಲ ಕಣೇ."

"ಕೆಲವರು ಅಂದ್ರೆ?"

"ಕೆಲವರು ಅಂದ್ರೆ ಕೆಲವರು. ನೀನು ಪರ್ಸೆಂಟೇಜ್ ಕೇಳಬೇಡ ಈಗ."

ಮಾರನೆಯ ಬೆಳಿಗ್ಗೆ ತಂಡದ ಕೋಚ್ ನನ್ನ ಕೋಣೆಗೆ ಬಂದ. ಹಿಂದೆ ತಾನೂ ಆಟಗಾರನಾಗಿದ್ದ ದೊಡ್ಡ ಮನುಷ್ಯ, ಕುರ್ಚಿಯಲ್ಲಿ ಹಿಡಿಸುತ್ತಿರಲಿಲ್ಲ. ಭಾನುವಾರಗಳಲ್ಲಿ ಹುಡುಗರನ್ನೆಲ್ಲ ಮನೆಗೆ ಕರೆದು ಊಟಕ್ಕಿಡುತ್ತಾನೆ ಎಂದು ಕೇಳಿದ್ದೆ. ನಾನು ಕೇಳುವ ಮೊದಲೇ ಅವನು ನಡೆದದ್ದನ್ನು ಹೇಳಿದ. ಗಾಳಿಯಲ್ಲಿ ಎರಡು ತಲೆಗಳು ಡಿಕ್ಕಿ ಹೊಡೆದವು. ಹುಡುಗ ಬಿದ್ದ, ತಾನೇ ಎದ್ದ, ಕೊನೆಯವರೆಗೆ ಆಡಿದ.

"ಈಗ ಅವನು ಫೇಲ್ ಆಗ್ತಾನೆ," ಎಂದ ಕೋಚ್. "ಫೇಲ್ ಆದರೆ ಸ್ಕಾಲರ್‌ಶಿಪ್ ಇಲ್ಲ. ನೀವು ವಿಭಾಗದ ಮುಖ್ಯಸ್ಥರಿಗೆ ಒಂದು ಮಾತು ಹೇಳಿದರೆ ಸ್ಪೆಷಲ್ ಪರೀಕ್ಷೆ ಕೊಡುತ್ತಾರೆ."

ಕಾಯಿಲೆಯಿಂದ ಪರೀಕ್ಷೆ ತಪ್ಪಿದವರಿಗೆ ಇನ್ನೊಮ್ಮೆ ಬರೆಯಲು ಕೊಡುವುದಕ್ಕೆ ಸ್ಪೆಷಲ್ ಎನ್ನುತ್ತಿದ್ದರು. ಅದು ಮೊದಲ ಯತ್ನವೆಂದೇ ಲೆಕ್ಕ. ಆದರೆ ಹಾಲಿನೊಳಗೆ ಬಂದು ಕೂತವನು ತಾನು ಆರೋಗ್ಯವಾಗಿದ್ದೇನೆ ಎಂದು ಒಪ್ಪಿಕೊಂಡಂತೆ. ಅದನ್ನು ಸಡಿಲಿಸಬೇಕಾದರೆ ಮೇಲ್ವಿಚಾರಣೆಗೆ ಇದ್ದವರು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಇದ್ದವಳು ನಾನೊಬ್ಬಳು.

"ಹೇಳುತ್ತೇನೆ," ಎಂದೆ. "ಮೂರು ಸಲ ಕೇಳಿದ, ಮೇಜು ಗುರುತಿಸಲಿಲ್ಲ."

ಕೋಚ್ ಮುಂದಕ್ಕೆ ಬಾಗಿದ. "ತಲೆ ಅನ್ನಬೇಡಿ, ಮ್ವಾಲಿಮು. ಮಲೇರಿಯಾ ಅನ್ನಿ. ನಡುಗುತ್ತಿದ್ದ, ಬೆವರುತ್ತಿದ್ದ ಅನ್ನಿ. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಈ ದೇಶದಲ್ಲಿ ಯಾರಿಗೆ ಮಲೇರಿಯಾ ಬಂದಿಲ್ಲ? ಅದು ಶನಿವಾರದ ಫೈನಲ್ ಹೊತ್ತಿಗೆ ವಾಸಿಯಾಗುತ್ತದೆ. ತಲೆ ಅಂದರೆ ಈ ಋತು ಮುಗಿಯುವವರೆಗೆ ಅವನನ್ನು ನಾನು ಮೈದಾನಕ್ಕೆ ಇಳಿಸುವಂತಿಲ್ಲ. ಇಳಿಯದವನ ಜಾಗವನ್ನು ಜಿಮ್ ಹಿಂದಿನವರು ಇನ್ನೊಬ್ಬನಿಗೆ ಕೊಡುತ್ತಾರೆ."

"ಶನಿವಾರ ಮತ್ತೆ ತಲೆಗೆ ಪೆಟ್ಟು ಬಿದ್ದರೆ?"

"ಮುರಿದ ಕೈಯಲ್ಲಿ ನಾನು ಒಂದು ಇಡೀ ಋತು ಆಡಿದ್ದೇನೆ," ಎಂದು ತನ್ನ ಮಣಿಕಟ್ಟನ್ನು ತೋರಿಸಿದ. ಅದು ಸ್ವಲ್ಪ ಸೊಟ್ಟಗಿತ್ತು. ಹೆಮ್ಮೆಯಿಂದ ತೋರಿಸಿದನೋ ದುಃಖದಿಂದಲೋ ನನಗೆ ಹೇಳಲಾಗದು.

ಮಧ್ಯಾಹ್ನ ಹುಡುಗನೇ ಬಂದ. ಒಳಗೆ ಕೂರಲಿಲ್ಲ, ಜಕರಂಡ ಮರದ ಕೆಳಗೆ ನಡೆಯೋಣ ಎಂದ. ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದ. ಉದುರಿದ ನೇರಳೆ ಹೂವುಗಳು ನಮ್ಮ ಕಾಲಡಿಯಲ್ಲಿ ಅಂಟುತ್ತಿದ್ದವು.

"ಕೋಚ್ ಹೇಳಿದರು. ನಾನು ಏನೋ ಕೇಳಿದೆ ಅಂತ."

"ಗ್ರಾಫ್ ಪೇಪರ್ ಬೇಕಾ ಎಂದು ಕೇಳಿದೆ."

"ಒಂದು ಸಲ ಕೇಳಿರಬಹುದು." ನಂತರ ನಿಂತು, "ಗ್ರಾಫೇ ಇರಲಿಲ್ಲವಲ್ಲ ಆ ಪೇಪರಿನಲ್ಲಿ?" ಎಂದ.

"ಇರಲಿಲ್ಲ. ನೀನು ಮೂರು ಸಲ ಕೇಳಿದೆ."

ಅವನು ನನ್ನ ಮುಖವನ್ನು ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದ. ಅವನಿಗೆ ಭಯವಾದದ್ದನ್ನು ನಾನು ನೋಡಿದ್ದು ಆಗ ಮಾತ್ರ.

"ಆದರೂ ಮಲೇರಿಯಾ ಅನ್ನಿ, ಮ್ವಾಲಿಮು," ಎಂದ. "ನನಗೆ ಎಷ್ಟು ಸಲ ಬಂದಿದೆ, ಹೇಗಿರುತ್ತದೆ ಗೊತ್ತು. ಕೇಳಿದರೆ ನಾನೂ ಹಾಗೇ ಹೇಳುತ್ತೇನೆ. ಶನಿವಾರ ಹೆಡ್ ಮಾಡುವುದಿಲ್ಲ, ಕಾಲಲ್ಲೇ ಆಡುತ್ತೇನೆ. ಆಣೆ."

"ಚೆಂಡು ಎತ್ತರಕ್ಕೆ ಬಂದರೆ?"

ಬಂದರೆ ಏನು ಮಾಡುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು. "ಆಟ ಹೋದರೆ ನನಗೆ ಇಲ್ಲಿ ಕೂರಲು ಜಾಗವೇ ಇರುವುದಿಲ್ಲ," ಎಂದ. "ಆಮೇಲೆ ನಾನು ಎಷ್ಟು ಜಾಣ ಎಂದು ಯಾರಿಗೆ ತೋರಿಸಲಿ?"

ವಿಭಾಗದ ಮುಖ್ಯಸ್ಥೆ ಮರುದಿನ ನಮ್ಮನ್ನು ಕರೆದರು. ಹಿರಿಯ ಕೆನ್ಯನ್ ಹೆಂಗಸು, ಮಾತು ಕಡಿಮೆ. ಕೋಚ್ ಒಂದು ಬದಿಗೆ ಕೂತಿದ್ದ, ಹುಡುಗನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ನಾನು ನೋಡಿದ್ದನ್ನು ನೋಡಿದ ಕ್ರಮದಲ್ಲಿ ಹೇಳಿದೆ: ಮೊದಲ ಸಲ, ಎರಡನೆಯ ಸಲ, ಮೂರನೆಯ ಸಲ, ದಾಟಿ ಹೋದ ಮೇಜು, ಗೋಡೆ. ನಡುವೆ ಒಮ್ಮೆ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ.

"ಇದು ನಿಮ್ಮ ಅಭಿಪ್ರಾಯವೋ ನೀವು ಕಂಡದ್ದೋ?"

"ಕಂಡದ್ದು."

"ಜ್ವರ ಇತ್ತೇ?"

ಕೋಚ್ ಕಿಟಕಿಯ ಕಡೆ ನೋಡಿದ. "ತೋಳು ಹಿಡಿದಿದ್ದೆ," ಎಂದೆ. "ಬಿಸಿ ಇರಲಿಲ್ಲ."

"ಅವನು ಗ್ರಾಫ್ ಪೇಪರ್ ಕೇಳಿದ, ಮ್ವಾಲಿಮು," ಎಂದ ಕೋಚ್ ಮೆಲ್ಲಗೆ. "ಡಾಕ್ಟರನ್ನು ಕೇಳಲಿಲ್ಲ."

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಪೆಷಲ್ ಪರೀಕ್ಷೆ ಸಿಕ್ಕಿತು. ವೈದ್ಯರು ಒಪ್ಪುವವರೆಗೆ ಆಟವಿಲ್ಲ. ಮುಖ್ಯಸ್ಥೆ ಕನ್ನಡಕ ತೆಗೆದು, ಓದಿನ ಮಟ್ಟಕ್ಕೆ ಧಕ್ಕೆಯಾಗಲಿಲ್ಲ ಎಂದರು. ಅವರ ದೃಷ್ಟಿಯಿಂದ ಅದು ನಿಜವೇ. ನಾವು ಹೊರಬಂದಾಗ ಹುಡುಗ ಎದ್ದು ನಿಂತ. ಕೋಚ್ ಅವನ ಭುಜದ ಮೇಲೆ ಕೈಯಿಟ್ಟು ಸ್ವಾಹಿಲಿಯಲ್ಲಿ ಏನೋ ಹೇಳುತ್ತ ಕರೆದುಕೊಂಡು ಹೋದ. ನನಗೆ ಅದರಲ್ಲಿ ಕೇಳಿಸಿದ್ದು ಪೋಲೆ ಎಂಬ ಒಂದೇ ಪದ.

ಫೈನಲ್ಲಿನಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ ನಿಂತ. ತಂಡ ಸೋತಿತು. ವೈದ್ಯರು ಆ ಋತುವಿಗೆ ಒಪ್ಪಲಿಲ್ಲ. ಕೆಲವು ವಾರಗಳ ಮೇಲೆ ಅವನು ಸ್ಪೆಷಲ್ ಪರೀಕ್ಷೆ ಬರೆದ, ಒಂದು ಖಾಲಿ ಕೋಣೆಯಲ್ಲಿ, ಅವನು ಮತ್ತು ನಾನು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವನಿಗೆ ಬಂತು. ಅದೇ ತಿಂಗಳು ಜಿಮ್ ಹಿಂದಿನ ಕಚೇರಿ ಅವನ ಸ್ಥಾನವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿತು. ನಾನು ಎರಡೂ ಕಚೇರಿಗಳಿಗೆ ಹೋದೆ. ಮೇಲಿನ ಮಹಡಿಯವರು, ಇಷ್ಟು ಒಳ್ಳೆಯ ವಿದ್ಯಾರ್ಥಿ, ಅಯ್ಯೋ ಪಾಪ ಎಂದರು. ಜಿಮ್ ಹಿಂದಿನವರು, ಇಷ್ಟು ಒಳ್ಳೆಯ ಡಿಫೆಂಡರ್, ಅಯ್ಯೋ ಪಾಪ ಎಂದರು. ಓದಿಗೆ ಕೊಡುವ ವಿದ್ಯಾರ್ಥಿವೇತನಕ್ಕೆ ಮೊದಲ ವರ್ಷದಲ್ಲೇ ಸೇರಿರಬೇಕಿತ್ತು.

ಶುಲ್ಕ ಕಟ್ಟಲಾಗದೆ ಓದು ಬಿಟ್ಟು ಹೊರಡುವ ದಿನ ಅವನು ನನ್ನ ಕೋಣೆಗೆ ಬಂದ. ಆ ಸಲ ಕೂತ. ತಲೆನೋವು ಹೋಗಿದೆ ಎಂದ. ಊರಿಗೆ ಹೋಗಿ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವುದೋ ನೋಡಬೇಕು ಎಂದ. ನನ್ನ ಮೇಲೆ ಕೋಪವಿದ್ದಂತೆ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಒಂದು ಕೇಳಲಾ?" ಎಂದ. "ಅವತ್ತು ಮಲೇರಿಯಾ ಅಂದಿದ್ದರೆ ನಾನು ಆಡಿರುತ್ತಿದ್ದೆ. ನನಗೆ ಏನೂ ಆಗದೇ ಇರುವ ಸಂಭವ ಎಷ್ಟಿತ್ತು?"

"ಗೊತ್ತಿಲ್ಲ," ಎಂದೆ.

"ಅಂದಾಜು ಹೇಳಿ, ಮ್ವಾಲಿಮು. ಗೊತ್ತಿಲ್ಲದಿದ್ದರೆ ಅಂದಾಜು ಮಾಡಬೇಕು ಅಂತ ನೀವೇ ಅಲ್ಲವಾ ಹೇಳಿಕೊಟ್ಟದ್ದು?"

ಗಂಡ ಬಳಸಿದ ಕೆಲವರು ಎಂಬ ಪದ ನೆನಪಾಯಿತು. ಕೆಲವರು ಎಂದರೆ ಬಹಳ ಕಡಿಮೆ ಜನ. ಹೆಚ್ಚಿನವರು ಆಡಿ, ಗೆದ್ದೋ ಸೋತೋ, ಸೋಮವಾರ ಮತ್ತೆ ಬಾಗಿಲ ಪಕ್ಕ ಬಂದು ಕೂರುತ್ತಾರೆ.

"ಆಗದೇ ಇರುವ ಸಂಭವವೇ ಹೆಚ್ಚು," ಎಂದೆ.

"ನಾನೂ ಹಾಗೇ ಲೆಕ್ಕ ಹಾಕಿದೆ," ಎಂದು ಎದ್ದು ನನ್ನ ಕೈಕುಲುಕಿ ಹೋದ.