ಬುರುಲ್ಚಾ ಕಟ್ಟಿದ ಸುಳ್ಳೂರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಕ್-ಜೈಕ್ ತಾಲ್ಲೂಕು ಆಸ್ಪತ್ರೆಯ ನೋಂದಣಿ ಕೋಣೆಯಲ್ಲಿ ಕಲ್ಲಿದ್ದಲಿನ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಬುರುಲ್ಚಾ ತಲೆವಸ್ತ್ರ ಬಿಗಿ ಮಾಡಿಕೊಂಡು, ಹಾಲು ಹಾಕಿದ ಚಹಾದ ಬಟ್ಟಲನ್ನು ಕಂಪ್ಯೂಟರಿನಿಂದ ಒಂದು ಮೊಳ ದೂರ ಸರಿಸಿ, ಒಂದು ಕೀಲಿ ಒತ್ತುತ್ತಾರೆ. ಪರದೆಯ ಮೇಲಿದ್ದ ಹೆಸರುಗಳೆಲ್ಲ ಮಾಯ.

"ಅಯ್ಯೋ, ಹೋಯ್ತು! ಊರಿಗೆ ಊರೇ ಹೋಯ್ತು!"

ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿರುವ ನರ್ಸ್ ತುರ್ಸುನಾಯ್‌ಗೆ ಗಾಬರಿಯೇನೂ ಇಲ್ಲ. "ಇವತ್ತು ಯಾರ್ಯಾರು ಹೋದ್ರು?"

"ಎಲ್ಲರೂ. ಸಮೋವರ್ ಚಾಯ್ನಿಕೊವ್ ಕೂಡ."

"ಪಾಪ, ನಿನ್ನೆ ತಾನೇ ಎದ್ದು ಕೂತಿದ್ದ. ತಿಥಿಗೆ ಹಿಟ್ಟು ಕಲಸಿ ಬೊರ್ಸೋಕ್ ಕರೀಲೇನು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೊರಗಿನವರು ಕೇಳಿದರೆ ಇವರಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು. ಆದರೆ ಸತ್ತ ಊರು ನಿಜವಾದ ಊರಲ್ಲ. ಅದರ ಹೆಸರು ಕುರುತ್-ಆಯಿಲ್, ಅಂದರೆ ಒಣಮೊಸರುಂಡೆಯ ಹಳ್ಳಿ. ಅಲ್ಲಿನ ಸಮೋವರ್ ಚಾಯ್ನಿಕೊವ್‌ಗೆ ರಕ್ತದೊತ್ತಡ, ಬೊರ್ಸೋಕ್ ಕೈಮಾಕೊವಾಗೆ ಸಕ್ಕರೆ ಕಾಯಿಲೆ, ಚಮಚ ಎಂಬ ಹುಡುಗಿಗೆ ವರ್ಷವಿಡೀ ನೆಗಡಿ. ಹೆಸರೆಲ್ಲ ಅಡುಗೆಮನೆಯ ಪಾತ್ರೆ, ತಿಂಡಿಗಳದು; ಇವರ್ಯಾರೂ ಹುಟ್ಟಿದವರಲ್ಲ. ಬುರುಲ್ಚಾ ಪ್ರೋಗ್ರಾಮ್ ಬರೆಯಲು ಕಲಿಯುವಾಗ ತಪ್ಪಾದರೆ ಆ ತಪ್ಪು ಇವರ ತಲೆಯ ಮೇಲೆ ಬೀಳಲಿ ಎಂದೇ ಹುಟ್ಟಿಸಿದ ರೋಗಿಗಳು.

ನಲವತ್ತಾರರ ಬುರುಲ್ಚಾ ಇದೇ ಕಿಟಕಿಯ ಹಿಂದೆ ಕೂತು ತಲೆ ನರೆಸಿಕೊಂಡವರು. ಬಂದವರ ಮುಖ ನೋಡಿಯೇ ಅವರ ರೋಗವಿವರದ ಚೀಟಿ ತೆಗೆದುಕೊಡುವಷ್ಟು ರೂಢಿ. ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಹೊಸ ತಂತ್ರಾಂಶ ಬಂತು. ಇನ್ನು ಮೇಲೆ ರೋಗಿಗಳ ವಿವರವೆಲ್ಲ ಕಂಪ್ಯೂಟರಿನಲ್ಲಿ ಎಂದಾಯಿತು. ಸುತ್ತಲ ಹಳ್ಳಿಗಳ ದಾದಿಯರು ತಮ್ಮ ತಮ್ಮ ರೋಗಿಗಳ ಪಟ್ಟಿಯನ್ನು ಟೈಪು ಮಾಡಿ ಕಳಿಸಿದರು. ಒಬ್ಬಳು ತಾರೀಖು ಮೊದಲು ಬರೆದರೆ ಇನ್ನೊಬ್ಬಳು ತಿಂಗಳು ಮೊದಲು. ಒಬ್ಬಳ ಪಟ್ಟಿಯಲ್ಲಿ ಔಷಧಿ ಇರುವ ಜಾಗದಲ್ಲಿ ಇನ್ನೊಬ್ಬಳು ಮನೆಯ ಗುರುತು ಬರೆದಿದ್ದಳು. ಈ ಕಲಸುಮೇಲೋಗರವನ್ನು ಒಂದು ಅಚ್ಚಿಗೆ ತಂದು ತಂತ್ರಾಂಶಕ್ಕೆ ತುಂಬುವವರು ಯಾರು?

ರಾಜಧಾನಿ ಬಿಷ್ಕೆಕ್‌ನಿಂದ ಬಂದ ಎಂಜಿನಿಯರ್ ಯಂತ್ರ ಜೋಡಿಸಿ, ಎರಡು ದಿನ ಕುರಿಮಾಂಸ ತಿಂದು, ಹೊರಡುವಾಗ ಬುರುಲ್ಚಾಗೆ ಒಂದು ಬುದ್ಧಿಮಾತು ಹೇಳಿಹೋದರು: ಸಣ್ಣ ಪ್ರೋಗ್ರಾಮ್ ಬರೆಯಲು ಕಲಿತರೆ ಈ ಕೆಲಸ ಆಗುತ್ತೆ, ಆದರೆ ಅಸಲಿ ರೋಗಿಗಳ ಮೇಲೆ ಕಲೀಬೇಡಿ. ಆ ಮಾತನ್ನು ಇವರು ಸೆರಗಿಗೆ ಗಂಟು ಹಾಕಿಕೊಂಡರು.

"ಮೊದಲು ಸೂಜಿ ಚುಚ್ಚೋದು ಕಲಿಯೋವಾಗ ನರ್ಸುಗಳು ದಿಂಬಿಗೆ ಚುಚ್ತಾರೆ ತಾನೆ? ಇದೂ ಹಂಗೇ. ಕುರುತ್-ಆಯಿಲ್ ನನ್ನ ದಿಂಬು," ಎನ್ನುತ್ತಾರೆ.

ಪಾಠವೆಲ್ಲ ಫೋನಿನಲ್ಲಿ, ರಷ್ಯನ್ ಭಾಷೆಯ ಉಚಿತ ವಿಡಿಯೊಗಳಲ್ಲಿ. ಬೆಳಗಿನ ಜಾವವೇ ಏಕೆಂದರೆ, ಊರೆದ್ದು ಮನೆಮನೆಯಲ್ಲೂ ವಿದ್ಯುತ್ ಒಲೆ ಹಚ್ಚಿದ ಮೇಲೆ ಕರೆಂಟು ಸೊರಗಿ ಕಂಪ್ಯೂಟರ್ ಕಣ್ಣು ಮುಚ್ಚಿಬಿಡುತ್ತದೆ. ಬಂದ ಕೂಡಲೇ ಮೊದಲ ಕೆಲಸ ಇದ್ದುದೆಲ್ಲದರ ನಕಲು ತೆಗೆದಿಡುವುದು, ಚಹಾ ಆಮೇಲೆ. ಮೊದಮೊದಲು ಆದ ಅನಾಹುತಗಳನ್ನು ಅವರೇ ನಕ್ಕು ಹೇಳುತ್ತಾರೆ. ಹುಟ್ಟಿದ ಇಸವಿ ತಪ್ಪಾಗಿ ಚಾಯ್ನಿಕೊವ್ ಎಂಬ ಮುದುಕ ಕೂಸಾಗಿಬಿಟ್ಟ; ತಂತ್ರಾಂಶ ಅವನನ್ನು ಪೋಲಿಯೊ ಹನಿಗೆ ಕರೆಯಿತು. ತುರ್ಸುನಾಯ್ ಅದನ್ನು ಇಡೀ ಆಸ್ಪತ್ರೆಗೆ ಸಾರಿದ್ದರಿಂದ ಒಂದು ತಿಂಗಳು ಎಲ್ಲರೂ "ನಿಮ್ಮ ಮುದುಕ ತೊಟ್ಟಿಲಲ್ಲಿ ಮಲಗಿದನಾ?" ಎಂದು ಕಾಡಿದರು. ಹೀಗೆ ಕಾಡಿಸಿಕೊಂಡು, ಮನೆಗೆಲಸವನ್ನೂ ತೂಗಿಸಿಕೊಂಡು, ಯಾರೂ ಒತ್ತಾಯಿಸದೆ ಕಲಿಯುವುದೆಂದರೆ ಹುಡುಗಾಟವಲ್ಲ.

ಈ ಶರತ್ಕಾಲದಲ್ಲಿ ಅಸಲಿ ಪಟ್ಟಿಗಳ ಸರದಿ ಬಂತು. ಸೋಮವಾರ ಹೊಸ ವ್ಯವಸ್ಥೆ ಶುರು, ಕಾಗದದ ಚೀಟಿಗಳೆಲ್ಲ ಉಗ್ರಾಣಕ್ಕೆ. ಆಮೇಲೆ ಡಾಕ್ಟರ ಕಣ್ಣಿಗೆ ಬೀಳುವುದು ಪರದೆ ಮಾತ್ರ. ಬುರುಲ್ಚಾ ಮೊದಲು ತಂತ್ರಾಂಶದ ನಕಲಿನೊಳಗೇ ಎಲ್ಲವನ್ನೂ ತುಂಬಿದರು. ಪರದೆ ನೋಡಿ ಹೆಸರು, ಹಳ್ಳಿ, ಹುಟ್ಟಿದ ದಿನ, ಯಾವ ಔಷಧಿ ಆಗಿಬರುವುದಿಲ್ಲ ಎಂಬುದನ್ನು ಜೋರಾಗಿ ಓದಿದರು. ತುರ್ಸುನಾಯ್ ಚೀಟಿ ಹಿಡಿದು ತಾಳೆ ನೋಡಿದರು. ಓದಿ ಓದಿ ಗಂಟಲು ಒಣಗಿತು. ಎಲ್ಲ ಸರಿ. ಆದರೆ ಕೊನೆಯಲ್ಲಿ ಪ್ರೋಗ್ರಾಮ್ ಲೆಕ್ಕ ಒಪ್ಪಿಸಿದಾಗ, ಚೀಟಿಗಳ ಎಣಿಕೆಗಿಂತ ಅದರೊಳಗೆ ಉಳಿದವರು ಒಬ್ಬರು ಕಡಿಮೆ.

ಮುಖ್ಯ ವೈದ್ಯ ಮೆಲಿಸ್ ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಫೋನಿಗೆ ಉತ್ತರಿಸಿ ಹೈರಾಣಾಗಿದ್ದರು. "ಒಬ್ಬರು ತಾನೆ ಬುರುಲ್ಚಾ? ಆಮೇಲೆ ಸೇರಿಸೋಣ."

"ಯಾರು ಅಂತ ಗೊತ್ತಿದ್ರೆ ಆಮೇಲೆ ಸೇರಿಸಬಹುದು ಡಾಕ್ಟ್ರೇ. ಯಾರು ಅಂತಾನೇ ಗೊತ್ತಿಲ್ಲ. ಆ ಮನುಷ್ಯ ಬಾಗಿಲಿಗೆ ಬಂದು ನಿಂತಾಗ ಏನು ಮಾಡ್ತೀರಿ?"

ಮೆಲಿಸ್ ಮೇಲಿನವರಿಗೆ ಫೋನು ಮಾಡಿದರು. ಸೋಮವಾರ ಮುಂದಕ್ಕೆ ಹೋಯಿತು.

ಹೆಸರೂ ಹುಟ್ಟಿದ ದಿನವೂ ಒಂದೇ ಆಗಿದ್ದರೆ ಒಬ್ಬರೇ ಎಂದು ತಿಳಿದು, ಹೊಸ ವಿವರ ಉಳಿಸಿ ಹಳೆಯದನ್ನು ಬಿಡು ಎಂದು ಬುರುಲ್ಚಾ ಪ್ರೋಗ್ರಾಮಿಗೆ ಹೇಳಿದ್ದರು. ಒಬ್ಬರ ಹೆಸರು ಎರಡು ಹಳ್ಳಿಯ ಪಟ್ಟಿಯಲ್ಲಿರುವುದು ಇಲ್ಲಿ ಮಾಮೂಲು. ಹುಡುಕಿ ನೋಡಿದರೆ ಅಂಥ ಜೋಡಿಗಳಿಗೆಲ್ಲ ಚೀಟಿ ಒಂದೇ, ಒಂದು ಜೋಡಿಯನ್ನು ಬಿಟ್ಟು. ಆ ಜೋಡಿಯನ್ನು ತೋರಿಸು ಎಂದಾಗ ಪರದೆಯ ಮೇಲೆ ಒಂದೇ ಹೆಸರು ಮೂಡಿತು. ಕಾಸಿಮಾಲಿ ಬೈತೂರೊವ್.

ಅದು ಬುರುಲ್ಚಾ ಅವರ ಮಾವನ ಹೆಸರು.

ಇಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಒಡಪು ಕಟ್ಟದೆ ಗಂಡನ ಹೆಸರು ಹೇಳದ ನಮ್ಮ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತಾಳೆ ನೋಡುವಾಗ ಆ ಸಾಲು ಬಂದಾಗ ಬುರುಲ್ಚಾ ಓದಲೇ ಇಲ್ಲ. "ನಮ್ಮನೆ ಹಿರಿಯರು, ಮುಂದೆ ಹೋಗು" ಎಂದಿದ್ದರು. ಕೈಯಲ್ಲಿ ಅದೇ ಹೆಸರಿನ ಎರಡು ಚೀಟಿ ಕಂಡ ತುರ್ಸುನಾಯ್, ಮೊದಲನೆಯದು ತುಂಬಿ ಎರಡನೆಯದು ಶುರು ಮಾಡಿರಬೇಕು ಎಂದುಕೊಂಡು ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಬಿಟ್ಟಿದ್ದರು. ಹಳ್ಳಿಯ ಹೆಸರು ಓದಿದ್ದರೂ ಸಾಕಿತ್ತು, ಗೊತ್ತಾಗುತ್ತಿತ್ತು.

ಎರಡನೆಯ ಕಾಸಿಮಾಲಿ ಬೈತೂರೊವ್ ಮೇಲಿನ ಹಳ್ಳಿಯವರು. ಇಬ್ಬರೂ ಒಂದೇ ಕುಲ, ಒಂದೇ ವಯಸ್ಸು. ಇಬ್ಬರೂ ಬೇಸಿಗೆಯ ಹುಲ್ಲುಗಾವಲಿನ ಗುಡಾರದಲ್ಲಿ ಹುಟ್ಟಿದವರು. ದಿನ ಯಾರಿಗೂ ನೆನಪಿಲ್ಲದೆ ಗುಮಾಸ್ತ ಇಬ್ಬರಿಗೂ ಜನವರಿ ಒಂದು ಬರೆದಿದ್ದ. ಈ ಕಣಿವೆಯ ಅರ್ಧಕ್ಕರ್ಧ ಮುದುಕರು ಹೊಸ ವರ್ಷದ ದಿನವೇ ಹುಟ್ಟಿದವರು! ಅದಿರಲಿ, ಮೇಲಿನ ಹಳ್ಳಿಯ ಕಾಸಿಮಾಲಿಗೆ ಪೆನಿಸಿಲಿನ್ ಆಗುವುದಿಲ್ಲ. ಹಿಂದೊಮ್ಮೆ ಮುಖ ಊದಿ, ಉಸಿರು ಕಟ್ಟಿ, ಸಾವಿನ ಬಾಯಿಂದ ಬಂದಿದ್ದರು. ಚೀಟಿಯ ಮೇಲಿದ್ದ ಆ ಕೆಂಪು ಸಾಲು ಪರದೆಯಲ್ಲಿ ಇರಲಿಲ್ಲ. ಅದರ ಮೇಲೆ ಮಾವನ ಖಾಲಿ ಸಾಲು ಬಂದು ಕೂತಿತ್ತು.

"ನನ್ನ ಸುಳ್ಳೂರಲ್ಲಿ ಎಲ್ಲರಿಗೂ ಬೇರೆ ಬೇರೆ ಹುಟ್ಟಿದಬ್ಬ ಹಂಚಿದ್ದೆ, ಧಾರಾಳಿ ನಾನು," ಎನ್ನುತ್ತಾರೆ ಬುರುಲ್ಚಾ. "ಹಂಗಾಗಿ ಈ ತಪ್ಪು ಅಲ್ಲಿ ಸಿಕ್ಕಲೇ ಇಲ್ಲ. ಆಮೇಲೆ ಸಿಕ್ಕಬೇಕಾದ ಕಡೆ ನಾನೇ ಬಾಯಿ ಮುಚ್ಚಿಕೊಂಡೆ."

ಅಂದು ಸಂಜೆ ಮಾವನ ಬಟ್ಟಲಿಗೆ ಚಹಾ ಬಗ್ಗಿಸುತ್ತಾ ಬುರುಲ್ಚಾ ಮಾತು ತೆಗೆದರು.

"ಮಾವ, ಮೇಲಿನ ಹಳ್ಳೀಲಿ ನಿಮ್ಮದೇ ಹೆಸರಿನವರು ಇದಾರಲ್ಲ..."

"ಯಾರು, ಕೆಮ್ಮಿನ ಕಾಸಿಮಾಲೀನಾ? ಏನಾಯ್ತು ಅವನಿಗೆ?"

"ಅವರನ್ನ ನಾನು ಅಳಿಸಿಹಾಕಿಬಿಟ್ಟಿದ್ದೆ ಮಾವ." ನಡೆದದ್ದನ್ನೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿದರು.

ಮುದುಕ ಬಟ್ಟಲು ಕೆಳಗಿಟ್ಟರು. "ನನಗೆ ಮರ್ಯಾದೆ ಕೊಡೋಕೆ ಹೋಗಿ ಅವನನ್ನ ಸಾಯಿಸ್ತೀಯೇನಮ್ಮಾ? ಮನೇಲಿ ಕೊಟ್ಟಿದೀಯಲ್ಲ ಇಷ್ಟು ವರ್ಷ, ನನಗದು ಸಾಕು. ಆಸ್ಪತ್ರೇಲಿ ಹೆಸರು ಹಿಡಿದು ಕೂಗು. ಜೋರಾಗಿ ಕೂಗು, ನನಗೆ ಕಿವಿ ಬೇರೆ ಮಂದ."

ಬುರುಲ್ಚಾ ಪ್ರೋಗ್ರಾಮ್ ತಿದ್ದಿದರು. ಈಗ ಅದು ಯಾರನ್ನೂ ತಾನಾಗಿ ಒಂದು ಮಾಡುವುದಿಲ್ಲ. ಅನುಮಾನ ಬಂದ ಜೋಡಿಯನ್ನು ಪಕ್ಕಕ್ಕಿಟ್ಟು ಮನುಷ್ಯರನ್ನು ಕೇಳುತ್ತದೆ. ಮತ್ತೆ ಮೊದಲಿನಿಂದ ಓದುವ ಶಾಸ್ತ್ರ. ಸುದ್ದಿ ಹೇಗೆ ಹಬ್ಬಿತೋ, ಆ ಹೆಸರು ಬರುವ ದಿನ ಬಿಳಿ ಟೋಪಿಯ ಇಬ್ಬರು ಮುದುಕರು ಕಿಟಕಿಯ ಮುಂದಿನ ಬೆಂಚಿನಲ್ಲಿ ಹಾಜರು. ಬುರುಲ್ಚಾ ಕೆಂಪಾದರು. ತುರ್ಸುನಾಯ್ ಬೇಕೆಂದೇ ಎರಡೂ ಚೀಟಿಗಳನ್ನು ಎತ್ತಿ ಹಿಡಿದರು. ಕೊನೆಗೆ ಬುರುಲ್ಚಾ ಕಣ್ಣು ಮುಚ್ಚಿ ಓದಿದರು.

"ಕಾಸಿಮಾಲಿ ಬೈತೂರೊವ್. ಕೋಕ್-ಜೈಕ್."

"ಇದೀನಿ!" ಎಂದರು ಮಾವ, ಎದ್ದು ನಿಂತು.

"ಕಾಸಿಮಾಲಿ ಬೈತೂರೊವ್. ಮೇಲಿನ ಹಳ್ಳಿ. ಪೆನಿಸಿಲಿನ್ ಕೊಡಬಾರದು."

"ನಾನೂ ಇದೀನಿ!" ಇನ್ನೊಬ್ಬರು ಕೆಮ್ಮುತ್ತಲೇ ಕೂಗಿದರು. "ಇರಬೇಕು ಅಂತಾನೂ ಇದೀನಿ!"

ಮೊದಲ ಹಿಮ ಬಿದ್ದ ವಾರ ಮೇಲಿನ ಹಳ್ಳಿಯ ಕಾಸಿಮಾಲಿಗೆ ಜ್ವರ ಏರಿತು, ಮಾತಾಡುವ ತ್ರಾಣವಿರಲಿಲ್ಲ. ಅಂದು ಇದ್ದವರು ಊರಿಗೆ ಹೊಸಬರಾದ ಡಾಕ್ಟರು. ಹೆಸರು ಟೈಪು ಮಾಡಿದಾಗ ಇಬ್ಬರು ಕಂಡರು, ಒಬ್ಬರ ಮುಂದೆ ಕೆಂಪು ಸಾಲು. ಯಾವ ಹಳ್ಳಿ ಎಂದು ಜೊತೆಗೆ ಬಂದವರನ್ನು ಕೇಳಿದರು, ಬೇರೆ ಔಷಧಿ ಕೊಟ್ಟರು. ಅಷ್ಟೇ. ಅದು ಯಾರ ಕೆಲಸ ಎಂದು ಆ ಡಾಕ್ಟರಿಗೆ ಗೊತ್ತೂ ಇಲ್ಲ. ವಾಸಿಯಾಗಿ ಮನೆಗೆ ಹೊರಟ ಮುದುಕ ಕಿಟಕಿಯಲ್ಲಿ ಒಂದು ಹಿಡಿ ಕುರುತ್ ಇಟ್ಟುಹೋದರು.

ಆ ಕುರುತ್ ಈಗ ಕಂಪ್ಯೂಟರಿನ ಪಕ್ಕದ ತಟ್ಟೆಯಲ್ಲಿದೆ. ಬೆಳಕು ಹರಿದಿದೆ, ಕಿಟಕಿಯಾಚೆ ಸಾಲು ಬೆಳೆಯುತ್ತಿದೆ. ಬುರುಲ್ಚಾ ನಕಲಿನಿಂದ ಕುರುತ್-ಆಯಿಲ್ ಅನ್ನು ಮತ್ತೆ ಎಬ್ಬಿಸುತ್ತಾರೆ. ಅಲ್ಲಿಗೆ ಈಚೆಗೆ ಹೊಸಬನೊಬ್ಬ ಬಂದಿದ್ದಾನೆ, ಎರಡನೆಯ ಸಮೋವರ್ ಚಾಯ್ನಿಕೊವ್. ಹುಟ್ಟಿದ ದಿನ ಇಬ್ಬರಿಗೂ ಜನವರಿ ಒಂದು.

"ಈ ಊರಲ್ಲಿ ಎಷ್ಟು ಸಲ ಬೇಕಾದ್ರೂ ಸಾಯ್ಲಿ," ಎನ್ನುತ್ತಾ ಅವರು ಕಿಟಕಿಯ ಬಾಗಿಲು ತೆರೆಯುತ್ತಾರೆ. "ಇಲ್ಲಿ ನಿಂತಿರೋರಲ್ಲಿ ಮಾತ್ರ ಒಬ್ಬರೂ ಕಳೆದುಹೋಗಬಾರದು. ನನಗಷ್ಟೇ ಸಾಕು."