ಯಾರ ಕೈಯ ಬಳೆ

ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ಹಾಲು ತಂದವಳ ಎದುರಿಗೇ ಬೆರಳದ್ದಿ ನೋಡುವವಳು ನಾನು. ಅದಕ್ಕೇ ಕುರುಗೋಡಿನ ಅಜ್ಜಿಯ ಗಾಜಿನ ಪಾದ ಮಾಡಿಸುವಾಗ ಬಳೆಚೂರು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜಿ ಗುಡಿಯಲ್ಲಿ ಕುಣಿಯುತ್ತಿದ್ದವಳು. ದೇವರನ್ನೇ ಮದುವೆಯಾದವಳು, ಎಂದೂ ಮುಂಡೆಯಾಗದವಳು ಎಂದು ಸಿರುಗುಪ್ಪದವರೆಗೂ ಮದುವೆಮನೆಗಳಿಗೆ ಕರೆಸಿ, ತಾಳಿಯ ಕರಿಮಣಿಯನ್ನು ಅವಳ ಕೈಯಿಂದಲೇ ಪೋಣಿಸಿಕೊಳ್ಳುತ್ತಿದ್ದರು. ನನ್ನ ತಾಳಿಯೂ ಅವಳ ಕೈಯದೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಗುಡಿಯಲ್ಲಿ ಕುಣಿಯಕೂಡದೆಂದು ಕಾಯ್ದೆಯಾಯಿತು. ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಕೆಲವು ವರ್ಷ ಕಳೆದ ಮೇಲೆ, ಅವಳಿಂದ ಮಣಿ ಪೋಣಿಸಿಕೊಂಡ ನಾವು ನಾಲ್ಕಾರು ಹೆಂಗಸರು ಸೇರಿ ಅವಳ ಪಾದವನ್ನು ಗಾಜಿನಲ್ಲಿ ಎರಕ ಹೊಯ್ಸಬೇಕೆಂದುಕೊಂಡೆವು. ಗಾಜು ಬೇರೆಯಲ್ಲ, ನಮ್ಮ ನಮ್ಮ ಒಡೆದ ಬಳೆಗಳೇ.

ಬಳ್ಳಾರಿಯ ಬಳೆಭಟ್ಟಿಯ ಸಾಬರು ಒಪ್ಪಿದರು. ಅವರ ಅಂಗಳದಲ್ಲಿ ಮೊರ ಹಿಡಿದು ಕೂತೆ. ದೇಶನೂರಿನಾಕೆ ಅತ್ತೆಯ ಬಳೆ ಕದ್ದು ತಂದಿದ್ದಾಳೆಂದು ನನಗೆ ಗುಮಾನಿ. ಗಾಜು ಕರಗಿಸುವ ಮೂಸೆಯ ತಳದಲ್ಲಿ ಹಳೆಯದೇನೋ ಅಂಟಿದಂತೆ ಕಂಡು, ಅದನ್ನೂ ತಿಕ್ಕಿಸಿದೆ. ಕೊನೆಗೆ ಹಸಿರು ಚೂರುಗಳ ಒಂದು ಗಂಟು ಸಿಕ್ಕಿತು. ಕಲ್ಲಿಗೆ ಕುಟ್ಟಿ ಪುಡಿ ಮಾಡಿದ ಚೂರುಗಳು. ಗಂಡ ಸತ್ತಾಗ ಒಡೆಯುವ ಬಳೆ ಹಾಗಿರುತ್ತವೆ. ಅಂಥವು ಸೇರಿದರೆ ನಮ್ಮೆಲ್ಲರ ತಾಳಿಗೂ ಕುತ್ತು. ಗಂಟನ್ನು ಎತ್ತಿ ಹಿಡಿದೆ.

"ಯಾರವು ಇವು? ಬಾಯಿ ಬಿಡ್ರಿ!"

ಹಸಿಮಣ್ಣಿನ ಅಚ್ಚಿನಲ್ಲಿ ಪಾದ ಒತ್ತುತ್ತಿದ್ದ ಅಜ್ಜಿ ತಲೆ ಎತ್ತಿದಳು. "ನನ್ನವು, ಯಮ್ಮಾ."

"ನೀನ್ಯಾಕ ಬಳಿ ಒಡಕೊಂತಿ ಅಜ್ಜಿ? ದೇವರು ಸಾಯ್ತಾನೇನು?"

ಅವಳು ಸೆರಗಿನೊಳಗಿಂದ ಕೈ ಹೊರಗೆ ತೆಗೆದಳು. ಬರಿಗೈ. "ದೇವರು ಅದಾನ. ಅವನ ಮುಂದ ಕುಣಿಯಾಕ ನಾನ ಇಲ್ಲ. ಗೆಜ್ಜಿ ಬಿಚ್ಚಿದ ದಿನಾನ ಗುಡಿ ಮೆಟ್ಲಿಗೆ ಕುಟ್ಟಿ ಒಡಕೊಂಡೆ. ನನ್ನ ಬಳಿ ಬಿಟ್ಟು ನನ್ನ ಪಾದ ಹೆಂಗ ಮಾಡ್ತೀರಿ?"

ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಒಬ್ಬೊಬ್ಬರೇ ಬಂದು ಮೊರದಿಂದ ತಮ್ಮ ತಮ್ಮ ಚೂರು ಆರಿಸಿಕೊಂಡು ಹೊರಟರು. ಬಾದನಹಟ್ಟಿಯಾಕೆ ಅಜ್ಜಿಯ ಕಾಲಿಗೂ ಬಿದ್ದು ಹೋದಳು. ನನಗೆ ಮೈಯೆಲ್ಲ ಉರಿಯಿತು. ಅವರ ಮೇಲೆ ಸಿಟ್ಟು, ಸುಳ್ಳಾದರೂ ಹೇಳದ ಅಜ್ಜಿಯ ಮೇಲೆ ಅದಕ್ಕಿಂತ ಸಿಟ್ಟು. ಹೆದರಿಕೆಯೂ ಆಗಿತ್ತು. ಸಿರುಗುಪ್ಪದಲ್ಲಿ ನನ್ನ ಗಂಡ ಗುಂಡುಕಲ್ಲಿನಂತೆ ಇದ್ದ. ನನಗೆ ಅವನು ಬೇಕಾಗಿದ್ದ.

"ಆಕೀವು, ನನ್ನವು, ಎರಡೂ ಸುರೀರಿ," ಎಂದೆ ಸಾಬರಿಗೆ.

ಇಬ್ಬರ ಬಳೆ ಒಂದು ಪಾದಕ್ಕೆ ಸಾಲುತ್ತದೆಯೇ? ಕುಣಿಯುವವಳಲ್ಲವೇ, ಅಜ್ಜಿ ಮುಂಗಾಲಿನಲ್ಲೇ ಭಾರ ಹಾಕಿ ಒತ್ತಿದ್ದಳು. ಆ ಕಡೆ ಅಚ್ಚು ಆಳವಾಗಿತ್ತು, ಹೊಯ್ದ ಗಾಜೆಲ್ಲ ಅಲ್ಲಿಗೇ ಹರಿಯಿತು. ಬೂದಿಯಲ್ಲಿ ತಣಿಸಿ ತೆಗೆದರೆ ಬೆರಳುಗಳಿದ್ದವು, ಹಿಮ್ಮಡಿಯಿರಲಿಲ್ಲ. ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಸಾಕು ಬಿಡು," ಎಂದು ನನ್ನ ಕೈಗೇ ಕೊಟ್ಟಳು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಆ ಗಾಜು ನಮ್ಮ ಮನೆಯ ದೇವರ ಜಗಲಿಯ ಮೇಲಿದೆ, ದಿನಾ ಹೂವಿಡುತ್ತೇನೆ. ಗಂಡ ಕೆಮ್ಮಿದರೆ ಈಗಲೂ ನಾನು ಮೊದಲು ನೋಡುವುದು ಅದರ ಕಡೆಗೇ.