ಮನೆಯಲ್ಲಿ ಯಾರೂ ಕರೆಯದ ಹೆಸರು

ಡಾಕ್ಟರಮ್ಮ "ಸುಗೂರಪ್ಪಾ" ಅಂತ ಕರೆದರು. ನನ್ನ ಮಗ ತಿರುಗಿ ನೋಡಲಿಲ್ಲ.

ಇನ್ನೊಮ್ಮೆ ಜೋರಾಗಿ ಕರೆದರು. ಅವನು ನೆಲದ ಮೇಲೆ ಕೂತು ಔಷಧದ ಖಾಲಿ ಡಬ್ಬಿಗಳನ್ನು ಸಾಲಾಗಿ ಇಡುತ್ತಲೇ ಇದ್ದ. ಬೆಚ್ಚಿಬಿದ್ದವರು ನಾನು ಮತ್ತು ನನ್ನ ಅತ್ತೆ. ಅತ್ತೆಯಂತೂ ತಲೆ ಮೇಲೆ ಸೆರಗು ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿದರು.

ಇದು ಎಂಬತ್ತರ ದಶಕದ ಮಾತು. ರಾಯಚೂರಿನ ಒಂದು ದವಾಖಾನೆ. ನಾವು ಮಾನ್ವಿ ತಾಲೂಕಿನ ಕಲ್ಲೂರಿನಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆವು.

ಮಗನಿಗೆ ಆಗ ಎರಡೂವರೆ ವರ್ಷ. ಒಂದು ಮಾತೂ ಇಲ್ಲ. ದೇವದುರ್ಗದ ನನ್ನ ತವರಿನಲ್ಲಿ ಅವನ ವಾರಿಗೆಯ ಅಕ್ಕನ ಮಗಳು ಓಣಿಯವರನ್ನೆಲ್ಲ ಊಟ ಆಯಿತಾ ಅಂತ ವಿಚಾರಿಸುತ್ತಿದ್ದಳು!

ನಮ್ಮವನು ನೀರು ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಕೊಡದ ಮೇಲೆ ಇಡುತ್ತಿದ್ದ. ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಅದೇ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅವರಪ್ಪನೂ ತಡವಾಗಿಯೇ ಮಾತಾಡಿದ್ದ ಅನ್ನುವುದು ಅತ್ತೆಯ ವಾದ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಯಿತು. ಮುಖ ಕಿವುಚಿದ, ಅಷ್ಟೇ.

ಕೊನೆಗೆ ದವಾಖಾನೆಗೆ ಹೋಗಲೇಬೇಕು ಅಂತ ಹಟ ಹಿಡಿದೆ. ಅತ್ತೆ ತಾವೂ ಹೊರಟರು. ಡಾಕ್ಟರು ಮೊಮ್ಮಗನಿಗೆ ಏನಾದರೂ ಅಂದರೆ ಜಗಳ ಮಾಡಲಿಕ್ಕೆ ಅಂತ ನನ್ನ ಅನುಮಾನ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಮನೆಯಲ್ಲಿ ಹೆಸರು ಕರೆದರೆ ನೋಡುತ್ತಾನಾ ಅಂತ ಕೇಳಿದರು.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕರೆದೇ ಇರಲಿಲ್ಲ.

ಅದು ನನ್ನ ಮಾವನ ಹೆಸರು. ದೇವಸುಗೂರಿನ ದೇವರದು. ಮೊದಲ ಮೊಮ್ಮಗ ಅಂತ ಸಂಭ್ರಮದಿಂದ ಇಟ್ಟಿದ್ದರು.

ಆದರೆ ಸೊಸೆಯಾದ ನಾನು ಮಾವನ ಹೆಸರು ಹೇಳುವ ಹಾಗಿಲ್ಲ. ಅತ್ತೆ ಗಂಡನ ಹೆಸರು ಹೇಳುವ ಹಾಗಿಲ್ಲ. ನನ್ನ ಗಂಡ ಅಪ್ಪನ ಹೆಸರು ಹಿಡಿದು "ಬಾರಲೇ" ಅನ್ನುವುದಾದರೂ ಹೇಗೆ?

ಹಾಗಾಗಿ ಅವನು ನನಗೆ ಮರಿ, ನನ್ನ ಗಂಡನಿಗೆ ಗುಂಡ, ಪಕ್ಕದ ಮನೆಯ ಖೈರುನ್‌ಬಿಗೆ ಮುನ್ನಾ. ಮಾವ ತಮ್ಮನ್ನು ತಾವೇ ಕರೆದುಕೊಂಡಂತೆ ಆಗುತ್ತದೆ ಅಂತ ಬರೀ "ಹೋಯ್" ಅನ್ನುತ್ತಿದ್ದರು. ಅತ್ತೆ ಮಾತ್ರ ಮರ್ಯಾದೆಯಿಂದ "ಯಜಮಾನ್ರು ಹಾಸಿಗಿ ತೋಯಿಸ್ಯಾರ ನೋಡು" ಅನ್ನುತ್ತಿದ್ದರು.

ಇದನ್ನೆಲ್ಲ ಹೇಳಿದಾಗ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ನಕ್ಕರು. ಆಮೇಲೆ ಆ ಎಲ್ಲ ಹೆಸರುಗಳಿಂದಲೂ ನಮ್ಮ ಕೈಲಿ ಕರೆಸಿದರು. ಯಾವುದಕ್ಕೂ ಅವನು ತಿರುಗಲಿಲ್ಲ. ಹಿಂದಿನಿಂದ ಸ್ಟೀಲ್ ತಟ್ಟೆ ಬೀಳಿಸಿದಾಗ ಮಾತ್ರ ತಟ್ಟನೆ ನೋಡಿದ.

ಈಗ ಅವರು ನಗುತ್ತಿರಲಿಲ್ಲ.

"ಕಿವಿ ಕೇಳಸ್ತದ. ಆದ್ರ ತನ್ನನ್ನ ಕರಿಯಾಕತ್ತಾರ ಅಂತ ತಿಳಿಯವಲ್ದು. ಬರೇ ಹೆಸರಿನ ಗೊಂದಲ ಅಲ್ಲ ಇದು. ಬೆರಳ ಮಾಡಲ್ಲ, ಮುಖ ನೋಡಲ್ಲ ಅಂದ್ರಲ್ಲಾ, ಅದನ್ನ ಹಗುರ ತಿಳೀಬ್ಯಾಡ್ರಿ. ಈಗ ತಂದಿರಿ, ಚಲೋ ಆತು."

ಆಟಿಸಂ ಅನ್ನುವ ಪದ ನಾನು ಕೇಳಿದ್ದು ಎಷ್ಟೋ ವರ್ಷಗಳ ನಂತರ. ಅಂದು ಅವರು ಯಾವ ಹೆಸರನ್ನೂ ಹೇಳಲಿಲ್ಲ, ಏನು ಮಾಡಬೇಕೆಂದು ಮಾತ್ರ ಹೇಳಿದರು. ಅವನ ಎದುರಿಗೆ ನೆಲದ ಮೇಲೆ ಕೂತು ಮಾತಾಡಿ. ನೀರು ಕೊಡುವ ಮುಂಚೆ "ನೀರು" ಅನ್ನಿ. ಎಲ್ಲರೂ ಒಂದೇ ಹೆಸರಿನಿಂದ ಕರೆಯಿರಿ. ತಪ್ಪದೆ ಮತ್ತೆ ಬನ್ನಿ.

ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಹೆದರಿಕೆಯೂ ಇತ್ತು, ನನ್ನ ಮಾತನ್ನು ಒಬ್ಬರಾದರೂ ನಂಬಿದರಲ್ಲ ಅನ್ನುವ ಸಮಾಧಾನವೂ ಇತ್ತು.

ಮನೆಗೆ ಬಂದರೆ ಯಾವ ಹೆಸರು ಅನ್ನುವುದೇ ದೊಡ್ಡ ಪಂಚಾಯ್ತಿ. ನಾನು ಮರಿ ಅಂದೆ, ನನ್ನ ಗಂಡ ಗುಂಡ ಅಂದರು. ದೇವರ ಹೆಸರು ಬಿಟ್ಟು ಶಾಲೆಯಲ್ಲಿ ಮರಿ ಅಂತ ಬರೆಸುತ್ತೀರಾ ಅಂತ ಮಾವ ಮುನಿಸಿಕೊಂಡರು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಗ ಅತ್ತೆಯ ಕೈ ಹಿಡಿದು ಕೊಡದ ಹತ್ತಿರ ಎಳೆದುಕೊಂಡು ಬಂದ. ಅತ್ತೆ ಮಂಡಿ ಹಿಡಿದುಕೊಂಡು ಅವನೆದುರು ನೆಲಕ್ಕೆ ಕೂತರು. ತಂಬಿಗೆಯನ್ನು ತಮ್ಮ ಕೆನ್ನೆಯ ಹತ್ತಿರ ಹಿಡಿದರು.

"ಸುಗೂರಪ್ಪಾ... ನೀರು ಬೇಕೇನಪಾ?"

ಹೊರಗಿನ ಕಟ್ಟೆಯಿಂದ ಮಾವನ ದನಿ ಬಂತು. "ಓ! ತಾ ಬೇ."

ಮರುಕ್ಷಣ ಅವರೇ ಎದ್ದು ಬಾಗಿಲಿಗೆ ಬಂದು ಬಾಯಿ ತೆರೆದು ನಿಂತರು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದು ಅದೇ ಮೊದಲು. ನಾನು ನಕ್ಕ ನಗೆಗೆ ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಅತ್ತೆಯ ಮುಖ ಕೆಂಪಾಗಿತ್ತು. ಆದರೆ ಸೆರಗು ಎಳೆದುಕೊಳ್ಳಲಿಲ್ಲ. "ಕೂಸಿಗೆ ಮಾತು ಬರಬೇಕು. ನನ್ನ ಬಾಯಾಗಿನ ಮಡಿ ಹೋದ್ರ ಹೋಗ್ಲಿ," ಅಂದರು. ಆಮೇಲೆ ನನ್ನ ಕಡೆ ನೋಡಿ, "ನೀನೂ ಕರಿ," ಅಂದರು.

ಅಂದಿನಿಂದ ಎಲ್ಲರೂ ಕರೆದೆವು. ಖೈರುನ್‌ಬಿಯೂ ಗೋಡೆಯಾಚೆಯಿಂದ "ಸುಗೂರಪ್ಪಾ, ಇಧರ್ ಆ, ಬಾ ಇಲ್ಲಿ" ಅನ್ನುತ್ತಿದ್ದಳು. ಪ್ರತಿ ಸಲವೂ ಕಟ್ಟೆಯ ಮೇಲಿನ ಮಾವ ಅಭ್ಯಾಸಬಲದಿಂದ "ಓ" ಅನ್ನುತ್ತಿದ್ದರು. ಮಗ ಮಾತ್ರ ಸುಮ್ಮನಿರುತ್ತಿದ್ದ. ರಾಯಚೂರಿಗೆ ಹೋಗಿ ಬಂದು ಮಾಡುತ್ತಲೇ ಇದ್ದೆವು. ಎಷ್ಟೋ ದಿನ ಸಾಕಪ್ಪಾ ಅನ್ನಿಸುತ್ತಿತ್ತು.

ಇಂದು ಅವನು ಮಾನ್ವಿಯಲ್ಲಿ ಟಿವಿ, ಫ್ಯಾನ್ ರಿಪೇರಿ ಮಾಡುತ್ತಾನೆ. ಮಾತು ಕಡಿಮೆ, ಜಾತ್ರೆ ಗದ್ದಲ ಆಗುವುದಿಲ್ಲ, ಸ್ಕ್ರೂಗಳನ್ನು ಈಗಲೂ ಸಾಲಾಗಿಯೇ ಇಡುತ್ತಾನೆ. ಅವನು ಹಾಗೇ, ನಮಗೆ ಅದರಲ್ಲಿ ಬೇಸರವಿಲ್ಲ.

ಆದರೆ ಅವನು ಚಿಕ್ಕವನಿದ್ದಾಗಿನ ಒಂದು ಮಧ್ಯಾಹ್ನ ಈಗಲೂ ಕಿವಿಯಲ್ಲಿದೆ. ಜೋಳ ಹಸನು ಮಾಡುತ್ತಾ ಎಂದಿನಂತೆ "ಸುಗೂರಪ್ಪಾ" ಅಂತ ಕರೆದೆ. ಹೊರಗೆ ಕಟ್ಟೆಯಿಂದ ಒಂದು "ಓ" ಬಂತು.

ಒಳಗಿನಿಂದ, ಸಣ್ಣ ದನಿಯಲ್ಲಿ, ಇನ್ನೊಂದು.

ನಿಮ್ಮ ಮನೆಯ ಕೂಸು ಕರೆದರೆ "ಓ" ಅನ್ನುತ್ತದೆಯಾ?